ಬೂದಿ ಹಸುವಿನ ಮಧ್ಯಾಹ್ನಗಳು

ನನಗೆ ನಿವೃತ್ತಿ ಕೊಟ್ಟಿದ್ದು ನನ್ನ ಬಲ ಮೊಣಕಾಲು. ಹಾಲು ಕರೆಯಲು ಕುಕ್ಕರಗಾಲಿನಲ್ಲಿ ಕೂತರೆ ಏಳುವುದಕ್ಕೆ ಹಸುವಿನದೇ ಆಸರೆ ಬೇಕಾಗುವ ಹೊತ್ತಿಗೆ, ನಮ್ಮ ಸೊಸೆ ಕಾವ್ಯ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಹಾರವಿಲ್ಲ, ಶಾಲಿಲ್ಲ. ಅವತ್ತು ಸಂಜೆ ಏನು ಮಾಡಬೇಕೆಂದು ತೋಚದೆ ಹಿತ್ತಿಲಿನಲ್ಲಿ ಕೈ ತೊಳೆದುಕೊಂಡು ಒಳಗೆ ಬಂದೆ, ಮತ್ತೆ ಹೋಗಿ ತೊಳೆದುಕೊಂಡೆ.

ಈಗ ಕೊಟ್ಟಿಗೆ ಕಾವ್ಯಳದು. ಹಾಲು ಕರೆಯುವುದಕ್ಕೆ ಯಂತ್ರ ಬಂದಿದೆ, ನೆಲಕ್ಕೆ ರಬ್ಬರ್ ಹಾಸು ಬಂದಿದೆ, ಮೂಲೆಯಲ್ಲಿ ಒಂದು ಕ್ಯಾಮೆರಾ ಕೂಡ ಕೂತಿದೆ. ಅವಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಫೋನಿನಲ್ಲಿ ಹಸುಗಳನ್ನು ನೋಡುತ್ತಾಳೆ. ನನಗೆ ಇದರ ಮೇಲೆ ಯಾವ ಮುನಿಸೂ ಇಲ್ಲ. ಯಂತ್ರ ಬಂದ ದಿನ ಅದರ ರಬ್ಬರ್ ಬಟ್ಟಲಿಗೆ ನನ್ನ ಹೆಬ್ಬೆರಳು ಕೊಟ್ಟು ನೋಡಿದೆ. ಕರು ಚೀಪಿದಂತೆಯೇ ಇತ್ತು, ನಾಲಿಗೆಯ ಒರಟು ಮಾತ್ರ ಇರಲಿಲ್ಲ.

ಅವಳ ಜೊತೆ ಹೆಣ್ಣುಮಕ್ಕಳ ಹಾಲಿನ ಸಂಘಕ್ಕೆ ಹೋಗುವ ಹುಡುಗಿಯರು, ಹೊಸದಾಗಿ ಹಸು ಕಟ್ಟಿದವರು, ಆಗಾಗ ಬಂದು ನನ್ನನ್ನು ಏನಾದರೂ ಟಿಪ್ಸ್ ಕೊಡಿ ಆಂಟಿ ಎನ್ನುತ್ತಾರೆ. ಹಿಂಡಿ ಎಷ್ಟು, ಖನಿಜ ಮಿಶ್ರಣ ಎಷ್ಟು ಎಂಬುದನ್ನು ಡಾಕ್ಟರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಸಿಕ್ಕ ಬಡ್ತಿಗಳ ವಿಷಯವೂ ಬೇಡ: ಸಗಣಿ ಬಾಚುವುದರಿಂದ ಹಾಲು ಕರೆಯುವುದಕ್ಕೆ, ಅಲ್ಲಿಂದ ಹಿಂಡಿ ಡ್ರಮ್ಮಿನ ಬೀಗದಕೈಗೆ, ಅಷ್ಟೇ. ಈ ಕೆಲಸದಲ್ಲಿ ಇಷ್ಟು ವರ್ಷ ನನಗೆ ಬೇಸರ ಬಾರದಿದ್ದುದು ಯಾಕೆ ಎಂಬುದನ್ನು ಮಾತ್ರ ಬರೆದಿಡುತ್ತೇನೆ.

ನಾನು ಓದಿದ್ದು ತುಮಕೂರಿನ ಕಾನ್ವೆಂಟಿನಲ್ಲಿ. ನಮ್ಮ ಮನೆಗೆ ಹಾಲು ಬರುತ್ತಿದ್ದದ್ದು ಸೈಕಲ್ಲಿನ ಮೇಲೆ. ಅದರಾಚೆಗೆ ಹಸುವಿನ ಪರಿಚಯ ಇರಲಿಲ್ಲ. ಶಾಲೆಯಲ್ಲಿ ಪ್ರಕೃತಿ ಪಾಠ ಮಾಡುತ್ತಿದ್ದ ಸಿಸ್ಟರ್ ಒಬ್ಬರು ಮೇಜಿನ ಮೇಲೆ ಒಂದು ಬಸವನಹುಳು ಇಟ್ಟು, ಬರೆಯಬೇಡಿ, ಬರೀ ನೋಡಿ ಎನ್ನುತ್ತಿದ್ದರು. ಪೀರಿಯಡ್ಡಿನ ಕೊನೆಗೆ ಒಬ್ಬೊಬ್ಬರೂ ಬೇರೆ ಯಾರೂ ಹೇಳದ ಒಂದು ಸಂಗತಿ ಹೇಳಬೇಕು. ಮೊದಲು ಎದ್ದವರಿಗೆ ಸುಲಭ. ನನ್ನ ಹೆಸರು ವಿಮಲಾ. ಇಂಗ್ಲಿಷ್ ಹಾಜರಿಯಲ್ಲಿ ಎಲ್ಲರಿಗಿಂತ ಕೊನೆ. ಹಾಗಾಗಿ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುವುದು ನನ್ನ ಪಾಲಿಗೆ ಬಂತು.

ಮದುವೆಯಾಗಿ ಬಂದದ್ದು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ತುಸು ಒಳಗಿರುವ ಈ ತೋಟದ ಮನೆಗೆ. ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಗೆ ಬೆಳಿಗ್ಗೆ ಹೋದರೆ ಬರುತ್ತಿದ್ದದ್ದು ಸಂಜೆಗೆ. ದನದ ಮಾತಿನಲ್ಲಿ ಅವರು ತಲೆಹಾಕುತ್ತಲೇ ಇರಲಿಲ್ಲ. ಕೊಟ್ಟಿಗೆಯ ಅಧಿಕಾರ ಪೂರ್ತಿ ಅತ್ತೆಯವರದು. ಹಂದನಕೆರೆ ಕಡೆಯವರು, ದನಗಳ ನಡುವೆಯೇ ಬೆಳೆದವರು. ಅವರು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ಹೇಳುತ್ತಿದ್ದರು. ಕೆಲಸದ ಮೊದಲ ದಿನ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ ಹಸುವಿಗೆ ನಾನು ಅಭ್ಯಾಸಬಲದಿಂದ ‘ಎಕ್ಸ್‌ಕ್ಯೂಸ್ ಮಿ’ ಎಂದುಬಿಟ್ಟೆ. ಹಸು ಪಕ್ಕಕ್ಕೆ ಸರಿಯಿತು. ಅತ್ತೆಯವರು ಈ ಕಥೆಯನ್ನು ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ, ಒಂದು ಸಲ ಆಸ್ಪತ್ರೆಯ ಸಾಲಿನಲ್ಲಿ ಕೂಡ ಹೇಳಿದ್ದಾರೆ. ಹಸು ಸರಿಯಿತು ಎಂಬ ಭಾಗವನ್ನು ಮಾತ್ರ ಯಾವಾಗಲೂ ಬಿಟ್ಟುಬಿಡುತ್ತಿದ್ದರು.

ಕೋತಿಗಳ ಪಾಠವನ್ನೂ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಅದು ಬೇಕು. ತೋಟಕ್ಕೆ ಎಳನೀರು ಕೀಳಲು ಬರುವ ಕೋತಿಗಳು ಗಂಡಸರನ್ನು ಕಂಡರೆ ಓಡುತ್ತವೆ, ಹೆಂಗಸರನ್ನು ಕಂಡರೆ ಕೂತೇ ಇರುತ್ತವೆ. ಇದು ನಮ್ಮ ಕಡೆ ಎಲ್ಲರೂ ಬಲ್ಲ ಸಂಗತಿ. ನಾನು ಯಜಮಾನರ ಹಳೇ ಶರ್ಟು ತೊಟ್ಟು, ತಲೆಗೆ ಟವಲು ಸುತ್ತಿ ಕೋಲು ಹಿಡಿದು ಹೋದೆ. ಎರಡು ದಿನ ಓಡಿದವು. ಮೂರನೆಯ ದಿನ ದೊಡ್ಡ ಗಡವ ಒಂದು ಕೆಳಗಿನ ಗರಿಯವರೆಗೂ ಇಳಿದು ಬಂದು ನನ್ನ ಮುಖವನ್ನಲ್ಲ, ಕಾಲನ್ನು ನೋಡಿತು. ನಾನೂ ನೋಡಿಕೊಂಡೆ. ಶರ್ಟಿನ ಕೆಳಗೆ ಸೀರೆಯ ನೆರಿಗೆ, ಬೆರಳಲ್ಲಿ ಕಾಲುಂಗುರ. ಅದು ನಿಧಾನವಾಗಿ ಮೇಲೆ ಹತ್ತಿ ಇನ್ನೊಂದು ಎಳನೀರು ಕಿತ್ತಿತು. ನಾವು ಪ್ರಾಣಿಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಅವು ನಮ್ಮನ್ನು ನೋಡುತ್ತಿರುತ್ತವೆ ಎಂಬುದು ನನಗೆ ಮನದಟ್ಟಾದದ್ದು ಅಂದು. ಅವಮಾನ ಆಗಬೇಕಿತ್ತು, ಆದರೆ ಮನೆಗೆ ನಗುತ್ತ ಬಂದೆ.

ಇನ್ನು ಬೂದಿಯ ವಿಷಯ.

ಅವಳು ಅತ್ತೆಯವರ ತವರಿನಿಂದ ಕರುವಾಗಿ ಬಂದ ಹಸು. ಮೈಬಣ್ಣ ಒಲೆಯ ಬೂದಿಯಂತೆ; ಬರುವಾಗ ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯ ಪುಡಿಯಲ್ಲಿ ಹೊರಳಿ ಬಂದಿದೆ ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು. ಎಡಗೊಂಬು ತುಸು ಒಳಕ್ಕೆ ಬಾಗಿತ್ತು. ಚೊಚ್ಚಲು ಈದದ್ದು ಹೆಣ್ಣುಗರು. ಹಣೆಯ ಮೇಲೆ ಜೀರಿಗೆ ಕಾಳು ಚೆಲ್ಲಿದಂತೆ ಮಚ್ಚೆಗಳಿದ್ದುದರಿಂದ ಅದರ ಹೆಸರು ಜೀರಿಗೆ. ಹಾಲು ಬಿಡಿಸಿದ ಮೇಲೆ ಜೀರಿಗೆಯನ್ನು ನಮ್ಮ ತೋಟದ ಬದುವಿನಾಚೆ ಇರುವ ಸಿದ್ದಗಂಗಮ್ಮನಿಗೆ ವಾರಕ್ಕೆ ಕೊಟ್ಟೆವು.

ವಾರ ಎಂದರೆ ಈಗಿನ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ಕರು ನಮ್ಮದು, ಮೇವು ಆರೈಕೆ ಅವರದು. ಬೆಳೆದು ಈದ ಮೇಲೆ ಮೊದಲ ಕರು ಸಾಕಿದವರಿಗೆ, ತಾಯಿ ನಮಗೆ ವಾಪಸು. ಎಲ್ಲ ಬಾಯಿಮಾತಿನಲ್ಲೇ. ಇದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಮರ್ಯಾದೆ ಇದೆ: ಕೊಟ್ಟವರು ಸಾಕಿದವರ ಕೊಟ್ಟಿಗೆಗೆ ಹೋಗಿ ಇಣುಕಬಾರದು. ಇಣುಕಿದರೆ, ಮೇವು ಹಾಕುತ್ತಾಳೋ ಇಲ್ಲವೋ ಎಂದು ಪರೀಕ್ಷೆ ಮಾಡಿದಂತೆ. ಸಿದ್ದಗಂಗಮ್ಮನ ಮನೆಗೆ ನಾವು ಮುಂಬಾಗಿಲಿನಿಂದ ಹೋಗಿ, ಮಜ್ಜಿಗೆ ಕುಡಿದು, ಮುಂಬಾಗಿಲಿನಿಂದಲೇ ಬರುತ್ತಿದ್ದೆವು. ಜೀರಿಗೆಯನ್ನು ನಾನು ಕಂಡು ಎಷ್ಟೋ ತಿಂಗಳಾಗಿತ್ತು.

ಬೂದಿ ಎರಡನೆಯ ಸಲ ಈದಳು. ಆ ಕರುವನ್ನು ಹಾಲು ಕರೆಯುವ ಹೊತ್ತಿಗೆ ಮಾತ್ರ ಬಿಟ್ಟು, ಉಳಿದಂತೆ ಕೊಟ್ಟಿಗೆಯಲ್ಲೇ ಕಟ್ಟುತ್ತಿದ್ದೆವು. ಬೆಳಗಿನ ಹಾಲು ತುಂಬು ತಂಬಿಗೆ. ಸಂಜೆಯದು ಮಾತ್ರ ತಳ ಕಾಣುವಷ್ಟು. ಮೊದಲು ದೃಷ್ಟಿ ಎಂದು ಕೊರಳಿಗೆ ಕರಿದಾರ ಕಟ್ಟಿಸಿದರು ಅತ್ತೆ. ತೋಟಕ್ಕೆ ಕಾಯಿ ಕೀಳಲು ಬಂದವರು ಕೇರೆಹಾವು ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂದರು. ನಾನು ಕೇರೆಹಾವು ಹುಡುಕಲು ಹೋದೆ. ತೆಂಗಿನ ಸಿಪ್ಪೆ ರಾಶಿಯಲ್ಲಿ ಒಂದು ಸಿಕ್ಕಿತು. ಅದಕ್ಕೆ ಇಲಿಯ ಬಿಲದ ಮೇಲೆ ಇದ್ದ ಗಮನ ಹಸುವಿನ ಮೇಲೆ ಕಿಂಚಿತ್ತೂ ಇರಲಿಲ್ಲ. ಬೂದಿ ಹತ್ತಿರ ಬಂದು ಮೂಸಿದರೆ ಅದೇ ಹೆದರಿ ಓಡಿತು.

ಈ ನಡುವೆ ನನ್ನ ಮೇಲೆ ಬೇರೊಂದು ದೂರು ಶುರುವಾಯಿತು. ಬೆಳಿಗ್ಗೆ ಹಾಲು ಕರೆದ ಮೇಲೆ ಬೂದಿಯನ್ನು ಕಟ್ಟದೆ ಮನೆಯ ಹಿಂದಿನ ದೊಡ್ಡಿಯಲ್ಲಿ ಬಿಡುತ್ತಿದ್ದೆವು. ಸುತ್ತ ಬೇಲಿ, ತೋಟದ ಕಡೆಗೆ ಒಂದು ಕಬ್ಬಿಣದ ಗೇಟು. ಗೇಟಿಗೂ ಕಲ್ಲುಕಂಬಕ್ಕೂ ಸೇರಿಸಿ ತೆಂಗಿನ ನಾರಿನ ಹಗ್ಗದ ಕುಣಿಕೆ ಹಾಕಿದರೆ ಮುಗಿಯಿತು. ಊಟದ ಪಾತ್ರೆ ತೊಳೆದು, ಕುಣಿಕೆ ಹಾಕಿದೆಯೇ ಎಂದು ನೋಡಿ, ಹಿಂಬಾಗಿಲಿನ ಅಗುಳಿ ಹಾಕಿ ನಾನೂ ಅತ್ತೆಯೂ ಸ್ವಲ್ಪ ಹೊತ್ತು ಮಲಗುತ್ತಿದ್ದೆವು. ಎದ್ದು ಬಂದು ನೋಡಿದರೆ ಗೇಟು ಮುಚ್ಚಿಯೇ ಇರುತ್ತಿತ್ತು, ಬೂದಿ ಒಳಗೇ ಇರುತ್ತಿದ್ದಳು, ಕುಣಿಕೆ ಮಾತ್ರ ಕಂಬದಿಂದ ಕಳಚಿ ನೇತಾಡುತ್ತಿತ್ತು. ದಿನಾ ಹೀಗೆ.

‘ಕೈ ಇಲ್ಲೈತೆ, ಗ್ಯಾನ ಇನ್ನೆಲ್ಲೋ ಐತೆ ನಿಂಗೆ,’ ಎನ್ನುತ್ತಿದ್ದರು ಅತ್ತೆ. ‘ಹಾಕ್ದೆ ಹಾಕ್ದೆ ಅಂತೀಯ. ಹಾಕಿದ್ ಕುಣಿಕೆ ಗಾಳಿಗ್ ಬಿಚ್ಕತದಾ?’

ಹಾಕಿದ್ದೆ ಎಂದು ನನಗೆ ಗೊತ್ತಿತ್ತು. ಆದರೆ ದಿನಾ ಕೇಳಿಸಿಕೊಂಡರೆ ಮನುಷ್ಯರಿಗೆ ತಮ್ಮ ಕೈಯ ಮೇಲೇ ಅನುಮಾನ ಬರುತ್ತದೆ. ಒಂದು ದಿನ ಕುಣಿಕೆ ಹಾಕಿ, ಗಟ್ಟಿಯಾಗಿ ‘ಹಾಕಿದೆ’ ಎಂದು ನನಗೆ ನಾನೇ ಹೇಳಿಕೊಂಡು ಬಂದು ಮಲಗಿದೆ. ಎದ್ದು ನೋಡಿದರೆ ಕಳಚಿತ್ತು. ಮತ್ತೆ ಹಾಕಲು ಹಗ್ಗ ಹಿಡಿದುಕೊಂಡೆ. ಬಿಸಿಲಿಗೆ ಕಂಬದ ಕಲ್ಲು ಸುಡುತ್ತಿತ್ತು. ಹಗ್ಗ ಒದ್ದೆಯಾಗಿತ್ತು.

ಬೆರಳಿನಿಂದ ತಿಕ್ಕಿದೆ. ನೀರಲ್ಲ, ಲೋಳೆ. ನಾರಿನ ಎಳೆಯ ನಡುವೆ ಅಗಿದ ಹುಲ್ಲಿನ ಒಂದು ಚೂರು. ನಾನು ಬೂದಿಯ ಕಡೆ ನೋಡಿದೆ. ಅವಳು ಹೊಂಗೆ ಮರದ ನೆರಳಲ್ಲಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದ್ದಳು. ಶಾಲೆಯ ಮೇಜಿನ ಮುಂದೆ ಕೊನೆಯವಳಾಗಿ ಎದ್ದು ನಿಂತಾಗ, ಯಾರೂ ಹೇಳದ ಸಂಗತಿಯೊಂದು ಇನ್ನೂ ನನ್ನ ಬಳಿ ಉಳಿದಿದೆ ಎಂದು ತಿಳಿದಾಗ ಆಗುತ್ತಿದ್ದ ಸಂತೋಷವೇ ಆಗಲೂ ಆಯಿತು.

ಅತ್ತೆಗೆ ಹೇಳಿದೆ. ಅವರು ನಗಲಿಲ್ಲ ಕೂಡ. ಹಸ ನಾಲಿಗೇಲಿ ಹಗ್ಗ ಬಿಚ್ಚಿತು, ಆಚೆಗೆ ಹೋಯಿತು, ತಿರುಗಿ ಒಳಗೆ ಬಂದು ಗೇಟು ಮುಚ್ಚಿಕೊಂಡಿತು, ಅಲ್ವಾ, ಎಂದು ಕೇಳಿದರು. ಹಾಗೆ ಅವರ ಬಾಯಲ್ಲಿ ಕೇಳಿದಾಗ ನನಗೂ ಅದು ನಂಬುವ ಮಾತಾಗಿ ಕಾಣಲಿಲ್ಲ.

ತುರುವೇಕೆರೆಯಲ್ಲಿ ವೆಲ್ಡಿಂಗ್ ಶಾಪು ಇಟ್ಟಿದ್ದ ಬಷೀರಣ್ಣ ನಮ್ಮ ಮನೆಯ ಗೇಟು, ಕಿಟಕಿ ಎಲ್ಲವನ್ನೂ ಮಾಡಿದವರು. ಅವರನ್ನು ಕರೆಸಿ ಹಗ್ಗದ ಬದಲು ಏನಾದರೂ ಮಾಡಿಕೊಡಿ ಎಂದೆ. ಅವರು ಬೂದಿಯನ್ನು ಮೇಲಿಂದ ಕೆಳಗೆ ನೋಡಿದರು. ಎರಡು ದಿನ ಬಿಟ್ಟು ಒಂದು ಚಿಲಕ ತಂದು ಕೂರಿಸಿದರು. ಕಂಬದಲ್ಲಿ ಒಂದು ಕಬ್ಬಿಣದ ಪಟ್ಟಿ; ಗೇಟನ್ನು ನೂಕಿದರೆ ಅದು ತಾನಾಗಿ ಮೇಲೆದ್ದು ಟಕ್ಕನೆ ಬಿದ್ದು ಹಿಡಿದುಕೊಳ್ಳುತ್ತದೆ. ತೆಗೆಯಬೇಕೆಂದರೆ ಪಟ್ಟಿಯನ್ನು ಮೇಲಕ್ಕೆತ್ತಿ ಹಿಡಿದು, ಅದೇ ಹೊತ್ತಿಗೆ ಗೇಟನ್ನು ಒಳಕ್ಕೆ ಎಳೆಯಬೇಕು.

‘ಅಕ್ಕಾ, ಇದು ಮನುಷ್ಯರಿಗೇ ಸುಲಭಕ್ಕೆ ತೆಗ್ಯಕ್ಕೆ ಬರಲ್ಲ,’ ಎಂದರು ಬಷೀರಣ್ಣ ಹೆಮ್ಮೆಯಿಂದ.

ಆ ಮಾತು ನಿಜವಾಯಿತು. ಮಾರನೆಯ ದಿನ ಅತ್ತೆ ವೀಳ್ಯದೆಲೆ ಕೊಯ್ಯಲು ತೋಟಕ್ಕೆ ಹೊರಟವರು ಒಂದು ಕೈಯಲ್ಲಿ ಎಲೆಯಡಿಕೆ ಸಂಚಿ, ಒಂದು ಕೈಯಲ್ಲಿ ಚಿಲಕ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದರು. ನಾನು ಹೋಗಿ ತೆಗೆಯುವ ಹೊತ್ತಿಗೆ ಬಷೀರಣ್ಣನ ವಂಶವನ್ನೆಲ್ಲ ಬೈದು ಮುಗಿಸಿದ್ದರು. ಬೂದಿ ಸ್ವಲ್ಪ ದೂರದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

ಸಂಜೆಯ ಹಾಲು ಮಾತ್ರ ಅಷ್ಟೇ.

ಇಲ್ಲಿಂದ ನನ್ನ ಸ್ಥಿತಿ ಮೊದಲಿಗಿಂತ ಕೆಟ್ಟಿತು. ಕುಣಿಕೆಯಿದ್ದಾಗ ಅದು ಕಳಚಿದ ಗುರುತಾದರೂ ಉಳಿಯುತ್ತಿತ್ತು. ಈಗ ಮಲಗೆದ್ದು ಬಂದರೆ ಗೇಟೂ ಭದ್ರ, ಚಿಲಕವೂ ಭದ್ರ, ಹಸುವೂ ಒಳಗೆ. ಹಾಗಿದ್ದ ಮೇಲೆ ತಪ್ಪು ಹಸುವಿನದೇ, ಅದು ಕರೆಯುವಾಗ ಹಾಲು ಬಿಡದೆ ಏರಿಸಿಕೊಳ್ಳುತ್ತಿದೆ, ಅಂಥ ಹಸು ಮನೆಗಾಗುವುದಿಲ್ಲ ಎಂದು ಅತ್ತೆ ತೀರ್ಮಾನ ಮಾಡಿದರು. ದಲ್ಲಾಳಿ ಮರಿಯಪ್ಪನಿಗೆ ಹೇಳಿ ಕಳಿಸಿದರು. ಅವನು ಗುರುವಾರ ಸಂಜೆ ಬಂದು ಬೂದಿಯನ್ನು ಹೊಡೆದುಕೊಂಡು ಹೋಗುವುದೆಂದು ಮಾತಾಯಿತು.

ಅತ್ತೆಯವರ ತೀರ್ಮಾನದ ಎದುರು ಆ ಮನೆಯಲ್ಲಿ ಅದುವರೆಗೆ ಯಾರೂ ಮಾತಾಡಿರಲಿಲ್ಲ. ಮಂಗಳವಾರ ಸಂಜೆ ಬೂದಿಯ ಬಾಲ ತೊಳೆಯುತ್ತಿದ್ದೆ. ಬಾಲದ ಕುಚ್ಚಿನಲ್ಲಿ ಉತ್ತರಾಣಿ ಬೀಜ ಅಂಟಿದ್ದವು. ನಮ್ಮ ದೊಡ್ಡಿಯನ್ನು ದಿನಾ ಗುಡಿಸುವವಳು ನಾನು. ಅಲ್ಲಿ ಒಂದು ಉತ್ತರಾಣಿ ಗಿಡವೂ ಇಲ್ಲ. ಅದು ಬೆಳೆಯುವುದು ತೋಟದ ಕೊನೆಯ ಬದುವಿನ ಮೇಲೆ. ಬೀಜಗಳನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಹೋಗಿ ಅತ್ತೆಗೆ ತೋರಿಸಿ, ‘ನಾಳೆ ಒಂದು ಮಧ್ಯಾಹ್ನ ಮಲಗೋದು ಬೇಡ ಅತ್ತೆ, ಬಚ್ಚಿಟ್ಟುಕೊಂಡು ನೋಡೋಣ,’ ಎಂದೆ.

ಅವರು ಬೀಜವನ್ನು ನೋಡಿದರು, ನನ್ನನ್ನು ನೋಡಿದರು. ‘ನೀನೊಬ್ಳೇ ನೋಡಿದ್ರೆ ಬಂದು ಕತೆ ಕಟ್ತೀಯ. ನಾನೂ ಬತ್ತೀನಿ,’ ಎಂದರು.

ಬುಧವಾರ ಊಟವಾದ ಕೂಡಲೇ ಹಿಂಬಾಗಿಲಿನಿಂದ ಹೋಗಿ, ಬೇಲಿಯಾಚೆಯ ಸಿಪ್ಪೆ ರಾಶಿಯ ಹಿಂದೆ ಕೂತೆವು. ಅತ್ತೆಗೆ ಸುಮ್ಮನೆ ಕೂರುವ ಅಭ್ಯಾಸವಿಲ್ಲ. ಅಡಿಕೆ ಕತ್ತರಿಸಿದರು, ಇರುವೆ ಕೊಡವಿದರು, ನನ್ನ ತವರಿನವರು ಯಾಕೆ ಬಂದಿಲ್ಲವೆಂದು ಪಿಸುದನಿಯಲ್ಲಿ ವಿಚಾರಿಸಿದರು. ಬೂದಿ ಮಲಗಿದ್ದಲ್ಲಿಂದ ಅಲುಗಲೇ ಇಲ್ಲ. ಒಂದು ಕಿವಿ ಮಾತ್ರ ನಮ್ಮ ಕಡೆಗೇ ತಿರುಗಿತ್ತು. ನೆರಳು ಉದ್ದವಾಗುವವರೆಗೂ ಕೂತು ಎದ್ದೆವು. ಅವತ್ತು ಸಂಜೆ ತಂಬಿಗೆ ತುಂಬಿತು.

ಅತ್ತೆ ಅದನ್ನೂ ತಮ್ಮ ಕಡೆಗೇ ಎಳೆದುಕೊಂಡರು. ಮಾರುವ ಸುದ್ದಿ ಕಿವಿಗೆ ಬಿದ್ದಿದೆ, ಹೆದರಿ ಇಳಿಸಿದ್ದಾಳೆ ಎಂದರು. ನನಗೆ ಬೇರೆ ಕಂಡಿತು. ಅವಳು ಆಚೆ ಹೋಗಲಿಲ್ಲ, ಹಾಲು ಉಳಿಯಿತು. ಯಾಕೆ ಹೋಗಲಿಲ್ಲ?

ಗುರುವಾರ ಪಾತ್ರೆ ತೊಳೆಯುತ್ತ ಇದನ್ನೇ ಯೋಚಿಸುತ್ತಿದ್ದೆ. ಕೋತಿ ನನ್ನ ಕಾಲು ನೋಡಿದ್ದು ನೆನಪಾಯಿತು. ಬೂದಿ ನಮ್ಮಲ್ಲಿ ಏನನ್ನು ನೋಡುತ್ತಾಳೆ? ಅವಳಿಗೆ ಬೇಲಿಯೊಳಗಿಂದ ನಮ್ಮ ಮನೆಯ ಒಳಗು ಕಾಣುವುದಿಲ್ಲ. ಕೇಳಿಸುತ್ತದೆ. ಪಾತ್ರೆಯ ಸದ್ದು, ನೀರು ಚೆಲ್ಲುವ ಸದ್ದು, ಕೊನೆಗೆ ಹಿಂಬಾಗಿಲಿನ ಅಗುಳಿ. ನಮ್ಮ ಅಗುಳಿ ಹಳೆಯ ಕಬ್ಬಿಣದ್ದು, ಹಾಕಿದರೆ ತೋಟಕ್ಕೆಲ್ಲ ಕೇಳುತ್ತದೆ. ನಿನ್ನೆ ನಾವು ಹಿಂಬಾಗಿಲಿನಿಂದಲೇ ಹೋಗಿ ಕೂತಿದ್ದೆವು. ಅಗುಳಿ ಬಿದ್ದಿರಲಿಲ್ಲ.

ಅತ್ತೆಗೆ ಸೊಂಟ ಹಿಡಿದುಕೊಂಡಿತ್ತು. ಇನ್ನೊಂದು ಸಲ ಅಷ್ಟೇ, ಮರಿಯಪ್ಪ ಹೇಗೂ ಸಂಜೆಗೆ ಬರುವುದು ಎಂದು ಬೇಡಿಕೊಂಡೆ. ಬೈಯುತ್ತಲೇ ಮುಂಬಾಗಿಲಿನಿಂದ ಬಳಸಿಕೊಂಡು ಹೋಗಿ ಕೂತರು. ಎಲೆಯಡಿಕೆ ಸಂಚಿಯನ್ನು ಮನೆಯಲ್ಲೇ ಇಡಿಸಿದೆ. ನಾನು ದಿನದಂತೆ ಪಾತ್ರೆ ತೊಳೆದು, ಮುಸುರೆ ನೀರು ಚೆಲ್ಲಿ, ಒಳಗೆ ಬಂದು ಅಗುಳಿಯನ್ನು ಸದ್ದಾಗುವಂತೆ ಹಾಕಿದೆ. ಆಮೇಲೆ ಬರಿಗಾಲಿನಲ್ಲಿ ಮುಂಬಾಗಿಲಿನಿಂದ ಓಡಿ, ಸುತ್ತು ಹಾಕಿ ಸಿಪ್ಪೆ ರಾಶಿಯ ಹಿಂದೆ ಅತ್ತೆಯ ಪಕ್ಕ ಕುಳಿತೆ.

ಬೂದಿ ಆಗಲೇ ಎದ್ದು ನಿಂತಿದ್ದಳು. ಎರಡೂ ಕಿವಿ ಮನೆಯ ಕಡೆಗೆ. ಇನ್ನಷ್ಟು ಹೊತ್ತು ಕೇಳಿಸಿಕೊಂಡಳು. ಆಮೇಲೆ ಯಾವ ಅವಸರವೂ ಇಲ್ಲದೆ ಗೇಟಿನ ಬಳಿ ಬಂದು ನಾಲಿಗೆ ಚಾಚಿ ಚಿಲಕದ ಪಟ್ಟಿಯ ಕೆಳಗೆ ತೂರಿಸಿ ಎತ್ತಿದಳು. ಎತ್ತಿದ್ದನ್ನು ಮೂತಿಯ ಮೇಲೆ ಹಾಗೇ ತಡೆದು, ಬಾಗಿದ ಎಡಗೊಂಬನ್ನು ಗೇಟಿನ ಸರಳಿಗೆ ಸಿಕ್ಕಿಸಿ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಗೇಟು ತೆರೆದುಕೊಂಡಿತು.

ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಳೆ ಒತ್ತಿ ಗುರುತು ಬೀಳುವಷ್ಟು ಬಿಗಿಯಾಗಿ.

ಅವಳು ತೋಟದ ನಡುವೆ, ತೆಂಗಿನ ಸಾಲು ಹಿಡಿದು ನೇರ ನಡೆದಳು. ದಾರಿಯಲ್ಲಿದ್ದ ಹಸಿರು ಹುಲ್ಲಿಗೆ ಬಾಯಿ ಹಾಕಲಿಲ್ಲ. ನಾವು ಮರದಿಂದ ಮರಕ್ಕೆ ಅಡಗಿಕೊಳ್ಳುತ್ತ ಹಿಂದೆ ಹೋದೆವು. ಸೊಂಟದ ಮಾತನ್ನು ಅತ್ತೆ ಮರೆತಿದ್ದರು. ಕೊನೆಯ ಬದು, ಉತ್ತರಾಣಿ ಗಿಡಗಳು, ಅದರಾಚೆ ಸಿದ್ದಗಂಗಮ್ಮನ ಹಿತ್ತಿಲು. ಸಿದ್ದಗಂಗಮ್ಮ ಆ ಹೊತ್ತಿನಲ್ಲಿ ಪಕ್ಕದ ತೋಟಕ್ಕೆ ಕೆಲಸಕ್ಕೆ ಹೋಗಿರುತ್ತಾಳೆ ಎಂಬುದು ನಮಗೆ ಗೊತ್ತಿತ್ತು. ಬೂದಿಗೂ ಗೊತ್ತಿದ್ದಿರಬೇಕು. ಹಿತ್ತಿಲಿನಲ್ಲಿ ಹಗ್ಗ ಬಿಗಿಯಾಗುವಷ್ಟು ಮುಂದೆ ಬಂದು, ಬದುವಿನ ಕಡೆಗೇ ಮುಖ ಮಾಡಿ ಒಂದು ಕಡಸು ನಿಂತಿತ್ತು. ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಹಣೆಯ ಮೇಲೆ ಜೀರಿಗೆ ಮಚ್ಚೆ.

ಅಷ್ಟು ದೊಡ್ಡ ಕಡಸು ನಿಂತುಕೊಂಡು ಕೆಚ್ಚಲಿಗೆ ಬಾಯಿ ಹಾಕಲು ಆಗುವುದಿಲ್ಲ. ಮುಂಗಾಲು ಎರಡನ್ನೂ ಮಡಿಸಿ, ಮಂಡಿಯೂರಿ ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ಬೂದಿ ತಿರುಗಿ ಅದರ ಬೆನ್ನು ನೆಕ್ಕತೊಡಗಿದಳು.

ನಾವು ಹುಲ್ಲಿನ ಬಣವೆಯ ಪಕ್ಕದಲ್ಲಿ ಕೂತು ನೋಡುತ್ತಿದ್ದೆವು. ಎಷ್ಟು ಮೈಮರೆತಿದ್ದೆವೆಂದರೆ ಹಿಂದೆ ಬಂದು ನಿಂತವರ ಹೆಜ್ಜೆ ಕೇಳಲಿಲ್ಲ.

‘ಏನಕ್ಕಾ,’ ಎಂದಳು ಸಿದ್ದಗಂಗಮ್ಮ. ಮಂಕರಿ ಬುಟ್ಟಿ ಇನ್ನೂ ಸೊಂಟದ ಮೇಲಿತ್ತು. ‘ನನ್ ಮೇಲೆ ಅನುಮಾನ ಬಂದಿದ್ರೆ ಮುಂದ್ಲ ಬಾಗ್ಲಿಂದ ಬಂದು ಕೇಳ್ಬೌದಾಗಿತ್ತು. ಕದ್ದು ನೋಡಂಗೆ ನಾನೇನು ಮಾಡ್ದೆ?’

ವಾರದ ಮರ್ಯಾದೆಯನ್ನು ಮುರಿದು ಇನ್ನೊಬ್ಬರ ಹಿತ್ತಿಲಿನಲ್ಲಿ ಮಂಡಿಯೂರಿ ಕೂತಿದ್ದೆವು. ಅತ್ತೆಯವರಿಗೆ ಮಾತು ಹೊರಡದಿದ್ದುದನ್ನು ನಾನು ನೋಡಿದ್ದು ಅದೊಂದೇ ಸಲ. ಅವರು ಕೈಯೆತ್ತಿ ತೋರಿಸಿದರು.

ಸಿದ್ದಗಂಗಮ್ಮ ನೋಡಿದಳು. ಮಂಕರಿ ಇಳಿಸಿದಳು. ನಮ್ಮ ಪಕ್ಕದಲ್ಲೇ ನೆಲಕ್ಕೆ ಕೂತಳು.

‘ಅಯ್ಯೋ ಇದ್ರ ಮನೆ ಕಾಯ್ವಾಗ,’ ಎಂದಳು. ‘ಊರೋರ್ಗೆಲ್ಲ ಹೇಳ್ಕಂಡು ತಿರುಗ್ತಿದ್ದೆ ಕಣಕ್ಕಾ, ನನ್ ಹುರುಳಿ ನುಚ್ಚಿಗೆ ಕಡಸಿನ ಮೈ ಹೆಂಗ್ ಬಂತು ನೋಡ್ರಿ ಅಂತ.’

ಅತ್ತೆಗೆ ನಗು ಬಂತು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು, ಆಗಲಿಲ್ಲ. ಮೂವರೂ ಬಣವೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬೂದಿ ಒಮ್ಮೆ ತಲೆಯೆತ್ತಿ ನೋಡಿ, ನಾವೇ ಎಂದು ಖಾತ್ರಿಯಾದ ಮೇಲೆ ಮತ್ತೆ ಮಗಳ ಬೆನ್ನಿಗೆ ಹೋದಳು. ಹಾಲು ಮುಗಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗಿದಳು. ನಾವು ಮೂವರೂ ಹಿಂದೆ. ದೊಡ್ಡಿಯೊಳಗೆ ಹೋಗಿ, ತಿರುಗಿ, ಗೇಟಿಗೆ ಹಣೆ ಕೊಟ್ಟು ನೂಕಿದಳು. ಬಷೀರಣ್ಣನ ಚಿಲಕ ಟಕ್ಕೆಂದು ಬಿತ್ತು.

ಈ ನೂಕುವ ವಿಷಯದಲ್ಲಿ ನನಗೂ ಅತ್ತೆಗೂ ಕೊನೆಯವರೆಗೂ ಒಮ್ಮತ ಬರಲಿಲ್ಲ. ನಮಗೆ ತಿಳಿಯಬಾರದೆಂದೇ ಅವಳು ಗೇಟು ಮುಚ್ಚುತ್ತಾಳೆ ಎಂಬುದು ಅವರ ವಾದ. ಹೊರಗೆ ಹೋಗಿ ಬಂದ ಹಸು ಹಣೆ ತುರಿಸಿಕೊಳ್ಳಲು ಏನಾದರೂ ಹುಡುಕುತ್ತದೆ, ಗೇಟು ಸಿಗುತ್ತದೆ, ಮುಚ್ಚಿಕೊಳ್ಳುತ್ತದೆ ಎಂಬುದು ನನ್ನದು. ಎಷ್ಟೋ ಮಧ್ಯಾಹ್ನ ಇಬ್ಬರೂ ಕೂತು ನೋಡಿದ್ದೇವೆ. ಕೆಲವು ದಿನ ಅವರ ಮಾತೇ ನಿಜ ಅನ್ನಿಸುವಂತೆ ಬೂದಿ ಚಿಲಕ ಬೀಳುವ ಸದ್ದು ಕೇಳಿದ ಮೇಲಷ್ಟೇ ಗೇಟು ಬಿಟ್ಟು ನೆರಳಿಗೆ ಹೋಗುತ್ತಿದ್ದಳು. ಕೆಲವು ದಿನ ಗೇಟು ಅರ್ಧಕ್ಕೇ ನಿಂತರೂ ಹಣೆ ಉಜ್ಜಿ ಸುಮ್ಮನೆ ಹೊರಟುಬಿಡುತ್ತಿದ್ದಳು. ನನಗೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಹುಡುಗಿಯರೇ, ಗೊತ್ತಿಲ್ಲದ್ದು ಒಂದಾದರೂ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿರಿ. ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗಲು ಕಾಲು ತಾನಾಗಿ ಏಳುತ್ತದೆ.

ಹಾಲಿನ ತೊಂದರೆ ಸುಲಭವಾಗಿ ಬಗೆಹರಿಯಿತು. ಸಿದ್ದಗಂಗಮ್ಮ ಮಧ್ಯಾಹ್ನದ ಹೊತ್ತು ಜೀರಿಗೆಯನ್ನು ಕೊಟ್ಟಿಗೆಯೊಳಗೆ ಅರೆಬಾಗಿಲು ಹಾಕಿ ಕಟ್ಟತೊಡಗಿದಳು. ನಾವು ಗೇಟನ್ನು ತೆರೆದೇ ಬಿಟ್ಟೆವು. ಬೂದಿ ಆಗಲೂ, ಈಗ ನಮ್ಮ ಕಣ್ಣೆದುರಿಗೇ, ಹೋಗುತ್ತಿದ್ದಳು. ಅರೆಬಾಗಿಲಿನ ಮೇಲೆ ಕತ್ತು ಚಾಚಿ ಮಗಳ ಹಣೆ ನೆಕ್ಕಿ, ಸ್ವಲ್ಪ ಹೊತ್ತು ಜೊತೆಯಲ್ಲಿದ್ದು ಬರುತ್ತಿದ್ದಳು. ಸಂಜೆ ತಂಬಿಗೆ ತುಂಬುತ್ತಿತ್ತು. ಸುದ್ದಿ ಕೇಳಿ ಬಷೀರಣ್ಣ ಸ್ಕೂಟರಿನಲ್ಲಿ ಬಂದರು. ಗೇಟು ಮುಚ್ಚಿಸಿ, ಕಲ್ಲಿನ ಮೇಲೆ ಕೂತು, ತಮ್ಮ ಚಿಲಕವನ್ನು ಬೂದಿ ತೆಗೆಯುವುದನ್ನು ಕಣ್ಣಾರೆ ನೋಡಿದರು. ಬೇಜಾರಾಗಬಹುದು ಎಂದುಕೊಂಡಿದ್ದೆ. ‘ನಮ್ ಶಾಪ್‌ಗೆ ಕಳ್ಸಿ ಅಕ್ಕಾ, ಇದಕ್ಕೆ ಟ್ರೇನಿಂಗೇ ಬ್ಯಾಡ,’ ಎಂದು ಹೇಳಿ, ಇನ್ನೊಂದು ಸಲ ತೆಗೆಯಲಿ ಎಂದು ಮತ್ತೆ ಗೇಟು ಮುಚ್ಚಿದರು.

ಇದೆಲ್ಲ ಆಮೇಲಿನದು. ಆ ಗುರುವಾರದ ಸಂಜೆಯ ಮಾತು ಉಳಿದಿದೆ.

ನಾವು ಬಂದು ಕೈಕಾಲು ತೊಳೆಯುವ ಹೊತ್ತಿಗೆ ಮರಿಯಪ್ಪ ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡು ಬಂದ. ಅತ್ತೆ ಜಗಲಿಯ ಮೇಲೆ ಕೂತಿದ್ದರು. ನಾನು ಬಾಗಿಲಿನಲ್ಲಿ ನಿಂತೆ. ನಾನು ಬೇಡಿಕೊಂಡಿದ್ದು ನೋಡುವುದಕ್ಕೆ ಎರಡು ಮಧ್ಯಾಹ್ನಗಳನ್ನು ಮಾತ್ರ. ಮಾರಬೇಡಿ ಎಂದು ಕೇಳುವ ಧೈರ್ಯ ಆಗಲೂ ಇರಲಿಲ್ಲ. ಕೊಟ್ಟ ಮಾತು ತಪ್ಪುವವರಲ್ಲ ಅತ್ತೆ. ಗೇಟು ತೆಗೆಯುವ ಹಸುವನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ?

‘ಹಸ ಎಲ್ಲಮ್ಮ?’ ಎಂದು ಕೇಳಿದ ಮರಿಯಪ್ಪ.

‘ಕೊಡಕಿಲ್ಲ ಕಣಪ್ಪ.’

‘ಹಾಲೇ ಕೊಡಲ್ಲ ಅಂತ ನೀವೇ ಅಲ್ವಾ ಹೇಳ್ಕಳ್ಸಿದ್ದು?’

‘ಕೊಡ್ತಾಳೆ. ಬ್ಯಾರೆಯೋರ್ಗೆ ಕೊಡ್ತಾಳೆ,’ ಎಂದರು ಅತ್ತೆ.

ಮರಿಯಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಅಂಥ ಹಸುವನ್ನು ಕಟ್ಟಿಕೊಂಡು ಏನು ಮಾಡುತ್ತೀರಿ, ಇದಕ್ಕಿಂತ ಸಾಧುವಾದದ್ದನ್ನು ತಂದು ಕಟ್ಟುತ್ತೇನೆ ಎಂದ.

ಅತ್ತೆ ಸಂಚಿ ಬಿಚ್ಚಿ ಒಂದು ಎಲೆ ತೆಗೆದು, ತೊಡೆಯ ಮೇಲೆ ಒರೆಸಿ, ನಿಧಾನವಾಗಿ ಸುಣ್ಣ ಹಚ್ಚಿದರು. ‘ಹುಟ್ಟಿದಾಗ್ಲಿಂದ ದನದ ಜೊತೇಲೇ ಇವ್ನಿ. ಇವತ್ತು ನೋಡ್ದೆ ಕಣಪ್ಪ ನಾನು, ಒಂದು ಹಸ ಅನ್ನೋದ್ನ. ನೀನು ಇದನ್ನ ಹೊಡ್ಕಂಡೋದ್ರೆ ನಾಳೆ ಮಧ್ಯಾನ ನಾನು ಏನ್ ನೋಡ್ಲಿ?’

ಆಮೇಲೆ ಅವನಿಗೆ ಎಲ್ಲವನ್ನೂ ಹೇಳಿದರು. ಒದ್ದೆ ಹಗ್ಗದಿಂದ ಶುರುಮಾಡಿ, ಉತ್ತರಾಣಿ ಬೀಜ, ಅಗುಳಿಯ ಸದ್ದು, ಮಂಡಿಯೂರಿದ ಜೀರಿಗೆ, ಯಾವುದನ್ನೂ ಬಿಡದೆ. ‘ನಮ್ ವಿಮ್ಲ ಕಂಡಿಡಿದ್ಲು,’ ಎಂಬ ಮಾತು ಅದರ ನಡುವೆ ಎಲ್ಲೋ ಬಂದು ಹೋಯಿತು. ಕಾಫಿ ತರಲು ಒಳಗೆ ಹೋದವಳು ಲೋಟ ಹಿಡಿದುಕೊಂಡು ಒಲೆಯ ಮುಂದೆ ಸುಮ್ಮನೆ ನಿಂತುಬಿಟ್ಟೆ.

ಕಾಫಿ ತಂದು ಕೊಟ್ಟಾಗ ಮರಿಯಪ್ಪ ಹಗ್ಗವನ್ನು ಹೆಗಲಿನಿಂದ ತೆಗೆದು ಜಗಲಿಯ ಮೇಲಿಟ್ಟು, ತಾನೂ ಕೂತಿದ್ದ. ಒಂದು ಗುಟುಕು ಕುಡಿದ. ದೊಡ್ಡಿಯ ಕಡೆ ನೋಡಿದ. ಬೂದಿ ಅವನ ಕಡೆಗೇ ನೋಡುತ್ತಿದ್ದಳು.

‘ಎಷ್ಟೊತ್ಗಮ್ಮ,’ ಎಂದು ಕೇಳಿದ, ‘ಅದು ಹೋಗೋದು?’